ಏಳು ಚುಕ್ಕಿಯ ನಗು

ಬೆಳಿಗ್ಗೆ ಹತ್ತಕ್ಕೆ ಅಂಗಡಿಯ ಮೂರನೆಯ ಮಹಡಿಯಲ್ಲಿ ಮೇನ್ ಸ್ವಿಚ್ ಹಾಕಿದ ಕೂಡಲೇ ಗೋಡೆಯ ಉದ್ದಕ್ಕೂ ಇಪ್ಪತ್ತೆರಡು ಟಿವಿಗಳಲ್ಲಿ ಒಂದೇ ಗಿಳಿ ಒಟ್ಟಿಗೆ ರೆಕ್ಕೆ ಬಿಚ್ಚುತ್ತಿತ್ತು. ಗಿಳಿ ಒಂದೇ, ಹಸಿರು ಮಾತ್ರ ಇಪ್ಪತ್ತೆರಡು ಬಗೆ. ಆ ಗೋಡೆಯ ಮುಂದೆ ಹನ್ನೊಂದು ವರ್ಷದಿಂದ ನಿಂತು ಚಪ್ಪಲಿ ಸವೆಸಿದವರನ್ನು ಅಂಗಡಿಯವರೆಲ್ಲ ಚುಕ್ಕಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಟಿವಿ ಮಾರುವವರು. ಆದರೆ ಗಿರಾಕಿ ‘ಇದಕ್ಕೂ ಅದಕ್ಕೂ ಏನು ವ್ಯತ್ಯಾಸ’ ಎಂದು ಬಾಯಿಬಿಟ್ಟರೆ ಸಾಕು, ಅವನನ್ನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕರೆದೊಯ್ದು ‘ಚುಕ್ಕಿ ಕಾಣ್ತಾ?’ ಎಂದು ಶುರುಮಾಡಿಬಿಡುತ್ತಿದ್ದರು.

“ಸಾರ್, ಇದರ ಮೇಲೆ ಎಚ್‌ಡಿ ರೆಡಿ ಅಂತ ಸ್ಟಿಕ್ಕರ್ ಇದೆ. ಅದರ ಮೇಲೆ ಫುಲ್ ಎಚ್‌ಡಿ. ಎರಡೂ ಒಂದೇ ಅಲ್ವಾ?” ಎಂದು ಒಬ್ಬ ಗಂಡ ಕೇಳಿದ್ದ.

“ಮದುವೆಗೆ ರೆಡಿ ಇರೋನೂ ಮದುವೆ ಆದೋನೂ ಒಂದೇನಾ, ಯಜಮಾನ್ರೇ?”

“ರೆಡಿ ಇರೋನೇ ಸುಖವಾಗಿರೋದು ಅಂತಾರೆ ನಮ್ಮನೆಯವರು,” ಎಂದು ಪಕ್ಕದಲ್ಲಿದ್ದ ಹೆಂಡತಿ ಮುಖ ತಿರುವಿದಳು.

ಮೇಷ್ಟ್ರು ನಕ್ಕು ಬೆರಳು ಮಡಿಸುತ್ತ ಹೇಳಿದರು: “ನೋಡೀಮ್ಮ, ಚಿತ್ರ ಅನ್ನೋದು ಚುಕ್ಕಿಗಳ ಸಂತೆ. ಎಚ್‌ಡಿ ರೆಡಿಯಲ್ಲಿ ಒಂಬತ್ತು ಲಕ್ಷದ ಮೇಲೆ ಚಿಲ್ಲರೆ ಚುಕ್ಕಿ. ಫುಲ್ ಎಚ್‌ಡಿ ಅಂದ್ರೆ ಅಡ್ಡಕ್ಕೆ ಸಾವಿರದ ಒಂಬೈನೂರ ಇಪ್ಪತ್ತು, ಮೇಲಿಂದ ಕೆಳಕ್ಕೆ ಸಾವಿರದ ಎಂಬತ್ತು. ಗುಣಿಸಿದ್ರೆ ಇಪ್ಪತ್ತು ಲಕ್ಷ ದಾಟುತ್ತೆ. ಫೋರ್‌ಕೆ ಅದರ ನಾಲ್ಕು ಪಟ್ಟು. ಹತ್ತಿರ ಹತ್ತಿರ ಎಂಬತ್ಮೂರು ಲಕ್ಷ.”

“ಹಾಗಾದ್ರೆ ಫೋರ್‌ಕೆ ತಗೊಂಡ್ರೆ ನಮ್ಮ ಹಳೇ ವಿಡಿಯೊ ಎಲ್ಲಾ ಪಳಪಳ ಅಂತ ಕಾಣುತ್ತೆ, ಅಲ್ವಾ?”

ಈ ಪ್ರಶ್ನೆ ಬಂದಾಗಲೆಲ್ಲ ಮೇಷ್ಟ್ರ ಸ್ವರ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಹೌದೆಂದರೆ ದೊಡ್ಡ ಟಿವಿ ಮಾರಿಹೋಗುತ್ತದೆಂದು ಅವರಿಗೂ ಗೊತ್ತಿತ್ತು. ಆದರೂ ಹೌದೆನ್ನುತ್ತಿರಲಿಲ್ಲ.

“ಇಲ್ಲಮ್ಮ. ಪರದೆ ಚುಕ್ಕಿ ತೋರ್ಸುತ್ತೆ, ಹುಟ್ಟಿಸಲ್ಲ. ತೆಗೆದ ದಿನ ಎಷ್ಟು ಚುಕ್ಕಿ ಸಿಕ್ಕಿತ್ತೋ ಅಷ್ಟೇ ನಿಮ್ಮ ಪಾಲಿಗೆ. ಹಳೇದನ್ನ ನೋಡೋವಾಗ ಕುರ್ಚಿ ಹಿಂದಕ್ಕೆ ಹಾಕ್ಕೊಳ್ಳಿ. ಕಡಿಮೆ ಚುಕ್ಕಿಗೆ ದೂರವೇ ಮದ್ದು.”

ಈ ಪಾಠವನ್ನು ಅವರು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ.

ದೊಡ್ಡ ಅಂಗಡಿಗೆ ಸೇರುವ ಮೊದಲು ಅವರಿಗೊಂದು ಸ್ವಂತ ಅಂಗಡಿಯಿತ್ತು. ಎರಡು ಕಟ್ಟಡಗಳ ನಡುವೆ, ಮೆಟ್ಟಿಲ ಕೆಳಗೆ, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೇ ನಿಲ್ಲಬೇಕಾದಷ್ಟು ಅಗಲ. ಟಿವಿ, ವಿಸಿಆರ್ ರಿಪೇರಿ. ಜೊತೆಗೆ ಜನರ ಮದುವೆ, ಹುಟ್ಟುಹಬ್ಬಗಳ ಹಳೆಯ ಕ್ಯಾಸೆಟ್‌ಗಳನ್ನು ಸಿಡಿಗೆ ಇಳಿಸಿಕೊಡುವ ಕೆಲಸ. ಅದರಲ್ಲಿ ಅವರದು ಅತಿ ಶಿಸ್ತು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಉಗುರಿನಷ್ಟು ಪ್ಲಾಸ್ಟಿಕ್ ಚಕ್ಕೆಯೊಂದಿರುತ್ತದೆ. ಅದನ್ನು ಮುರಿದುಬಿಟ್ಟರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ಯಾವ ಮೆಷಿನ್ನೂ ರೆಕಾರ್ಡ್ ಮಾಡುವುದಿಲ್ಲ. ಯಾರೇ ಕ್ಯಾಸೆಟ್ ತಂದರೂ ಮೇಷ್ಟ್ರು ಮಾತಾಡುವ ಮೊದಲು ಸ್ಕ್ರೂಡ್ರೈವರಿನ ತುದಿಯಿಂದ ಆ ಚಕ್ಕೆಯನ್ನು ಪಟ್ಟೆಂದು ಮುರಿಯುತ್ತಿದ್ದರು. “ಇನ್ನು ಯಾರಪ್ಪ ಬಂದ್ರೂ ಅಳಿಸೋಕಾಗಲ್ಲ,” ಎನ್ನುತ್ತಿದ್ದರು.

ಲೋಕಕ್ಕೆ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿದ್ದಿತಂತೆ. ತಮ್ಮ ಮನೆಯಲ್ಲಿದ್ದ ಒಂದೇ ಒಂದು ಕ್ಯಾಸೆಟ್ಟಿನ ಚಕ್ಕೆಯನ್ನು ಮೇಷ್ಟ್ರು ಮುರಿದಿರಲಿಲ್ಲ.

ಅದರಲ್ಲಿದ್ದದ್ದು ನಲವತ್ತೊಂದು ಸೆಕೆಂಡು. ಗಿರಾಕಿಯೊಬ್ಬರ ಕ್ಯಾಮೆರಾ ರಿಪೇರಿಯಾದ ಮೇಲೆ ಸರಿಯಿದೆಯೇ ಎಂದು ನೋಡಲು ಮನೆಗೆ ತಂದಿದ್ದರು. ಹೆಂಡತಿ ಕಿಟಕಿಯ ಪಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಎರಡು ವರ್ಷದ ಮಗಳು ಮಡಿಸಿಟ್ಟದ್ದನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಚಿತ್ರದ ತುಂಬ ಕೇಳಿಸುವುದು ಮೇಷ್ಟ್ರ ದನಿಯೇ: ‘ಇಲ್ಲಿ ನೋಡು. ಇಲ್ಲಿ, ಇಲ್ಲಿ ನೋಡೇ.’ ಕೊನೆಯಲ್ಲಿ ಹೆಂಡತಿ ತಿರುಗುತ್ತಾಳೆ, ನಗುತ್ತಾಳೆ, ಕೈ ಅಡ್ಡ ಹಿಡಿಯುತ್ತಾಳೆ. ‘ರೀ, ಸಾಕು. ಸುಮ್ನೆ ಕ್ಯಾಸೆಟ್ ಹಾಳು ಮಾಡ್ಬೇಡಿ.’

ಮರುವರ್ಷ ಅವಳಿರಲಿಲ್ಲ. ಹನ್ನೆರಡು ದಿನದ ಜ್ವರ ಅವಳನ್ನು ಕೊಂಡೊಯ್ದಿತು. ಅವಳಿಗೆ ಆಗ ಇಪ್ಪತ್ತೆಂಟು.

ಫೋಟೊಗಳು ಇದ್ದವು. ಮನೆ ಬದಲಾಯಿಸಿದ ವರ್ಷ ನೀರಿನ ಪೈಪು ಒಡೆದು ಆಲ್ಬಮ್ಮಿನ ಪೆಟ್ಟಿಗೆ ಎರಡು ದಿನ ನೀರಿನಲ್ಲಿ ಕುಳಿತಿತು. ಅಂಟಿದ ಹಾಳೆಗಳನ್ನು ಬಿಡಿಸಲು ಹೋದರೆ ಮುಖಗಳೇ ಎದ್ದುಬಂದವು. ಉಳಿದದ್ದು ಗುರುತಿನ ಚೀಟಿಯ ಉಗುರಗಲದ ಪಟ. ಅದರ ಮೂಗು ಬಾಯಿಯ ಮೇಲೆ ಕಚೇರಿಯ ನೀಲಿ ಸೀಲು.

ಆಮೇಲೆ ಕೈಫೋನುಗಳಲ್ಲಿ ವಿಡಿಯೊ ನೋಡುವ ಕಾಲ ಬಂತು. ಮೇಷ್ಟ್ರು ಒಂದು ಫೋನು ಕೊಂಡರು. ಅದರ ಪರದೆ ಅಡ್ಡಕ್ಕೆ ಮುನ್ನೂರ ಇಪ್ಪತ್ತು ಚುಕ್ಕಿ, ಮೇಲಿಂದ ಕೆಳಕ್ಕೆ ಇನ್ನೂರ ನಲವತ್ತು. ಹೆಂಡತಿಯ ನಲವತ್ತೊಂದು ಸೆಕೆಂಡನ್ನು ಅವರು ಅದೇ ಅಳತೆಗೆ ಇಳಿಸಿಕೊಂಡರು. ಗಿರಾಕಿಗಳ ಕ್ಯಾಸೆಟ್ಟನ್ನು ಪೂರ್ತಿ ಅಳತೆಯಲ್ಲಿ ಇಳಿಸಿಕೊಡುತ್ತಿದ್ದವರು ತಮ್ಮದನ್ನು ಅದರ ಐದನೆಯ ಒಂದು ಪಾಲಿಗೆ ಕುಗ್ಗಿಸಿದರು. ಅಂಗೈಯಗಲದ ಪರದೆಯಲ್ಲಿ ಅವಳು ಮುತ್ತಿನ ಹಾಗೆ ಕಾಣುತ್ತಿದ್ದಳು. ದೊಡ್ಡದನ್ನು ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು, ಕ್ಯಾಸೆಟ್ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡು ಅದನ್ನು ಅಂಗಡಿಯ ಬೆಂಚಿನ ಮೇಲೇ ಬಿಟ್ಟರು.

ಮೂರು ತಿಂಗಳ ಮೇಲೆ ಯಾರದೋ ವಿಸಿಆರ್ ರಿಪೇರಿ ಮುಗಿಸಿ, ರೆಕಾರ್ಡಿಂಗ್ ಆಗುತ್ತದೆಯೇ ಎಂದು ಪರೀಕ್ಷಿಸಲು ಬೆಂಚಿನ ಮೇಲಿದ್ದ ಕ್ಯಾಸೆಟ್ಟೊಂದನ್ನು ತುರುಕಿ ಗುಂಡಿ ಒತ್ತಿದರು. ಚಕ್ಕೆ ಮುರಿದಿದ್ದರೆ ಮೆಷಿನ್ನು ಒಲ್ಲೆನೆಂದು ಕ್ಯಾಸೆಟ್ಟನ್ನು ಹೊರಗೆ ಉಗುಳುತ್ತಿತ್ತು. ಉಗುಳಲಿಲ್ಲ. ಐದು ನಿಮಿಷ ಟಿವಿಯಲ್ಲಿ ಬರುತ್ತಿದ್ದದ್ದನ್ನು ರೆಕಾರ್ಡ್ ಮಾಡಿ, ಹಿಂದಕ್ಕೆ ಸುತ್ತಿ, ಹಾಕಿ ನೋಡಿದರು. ಕೋಟು ತೊಟ್ಟ ಒಬ್ಬ ಮನುಷ್ಯ ಕೋಲು ಹಿಡಿದು ಎಲ್ಲೆಲ್ಲಿ ಮೋಡ ಕವಿಯಲಿದೆಯೆಂದು ತೋರಿಸುತ್ತಿದ್ದ. ಚಿತ್ರ ಚೆನ್ನಾಗಿ ಬಂದಿದೆ ಎಂದು ಖುಷಿಯಿಂದ ಕ್ಯಾಸೆಟ್ ಹೊರತೆಗೆದಾಗ, ಅದರ ಮೇಲಿದ್ದ ತಮ್ಮದೇ ಕೈಬರಹ ಕಂಡಿತು.

ಆ ಸಂಜೆ ಅವರು ಅಂಗಡಿಯ ಶಟರ್ ಎಳೆದವರು ನಾಲ್ಕು ದಿನ ತೆಗೆಯಲಿಲ್ಲ. ಇನ್ನು ಉಳಿದದ್ದು ಫೋನಿನ ಆ ಪುಟ್ಟ ನಕಲೊಂದೇ. ಮಗಳು ಬೆಳೆದು ಕೇಳಿದಾಗ “ಕ್ಯಾಸೆಟ್ಟಿಗೆ ಬೂಷ್ಟು ಹಿಡೀತು ಪುಟ್ಟಿ” ಎಂದಿದ್ದರು.

ಮಗಳು ಈಗ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತ ‘ಇದು ಸ್ಪಷ್ಟವಾ, ಅದು ಸ್ಪಷ್ಟವಾ?’ ಎಂದು ಕೇಳುವುದೇ ಅವಳ ಕೆಲಸ. ಹತ್ತನೆಯ ವಯಸ್ಸಿನಲ್ಲಿ ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲಿನ ಮೂಲೆ ಮುರಿದಿತ್ತು. ನಗುವಾಗ ತುಟಿ ಎಳೆದು ಅದನ್ನು ಮುಚ್ಚಿಕೊಳ್ಳುವುದು ಅವಳಿಗೆ ರೂಢಿ. ನೆಂಟರೆಲ್ಲ ‘ಅಮ್ಮನ ಪಡಿಯಚ್ಚು’ ಎನ್ನುತ್ತಿದ್ದರು. ಅವಳಿಗೆ ಆ ಮಾತು ಕೇಳಿದರೆ ಹೊಟ್ಟೆಯುರಿಯುತ್ತಿತ್ತು. “ನೋಡಿದೋರು ಹೇಳ್ತಾರೆ. ಫೋನಿನಲ್ಲಿ ಕಡ್ಲೆಕಾಳಷ್ಟು ಮುಖ ಬಿಟ್ರೆ ನಾನು ಎಲ್ಲಿ ನೋಡಿದ್ದೀನಿ?”

ಅವಳಿಗೆ ಇಪ್ಪತ್ತೆಂಟು ತುಂಬಿದ ವಾರ ಮೇಷ್ಟ್ರು ಕೆಲಸ ಮುಗಿಸಿ ಮನೆಗೆ ಬಂದರೆ ನಡುಮನೆಯ ಗೋಡೆಯಲ್ಲಿ ಅರವತ್ತೈದು ಇಂಚಿನ ಫೋರ್‌ಕೆ ಟಿವಿ. ಅಪ್ಪನಿಗೆ ಸುಳಿವು ಸಿಗದ ಹಾಗೆ ಅಪ್ಪನ ಅಂಗಡಿಯಿಂದಲೇ ತರಿಸಿದ್ದಳು. ಮೊದಲನೆಯ ಮಹಡಿಯಲ್ಲಿ ಫೋನು ಮಾರುವ ಹೆಂಗಸು, ಮೇಷ್ಟ್ರ ಬಾಯಲ್ಲಿ ಮೊಬೈಲಮ್ಮ, ಈ ಗುಟ್ಟಿನಲ್ಲಿ ಪಾಲುದಾರಳು.

“ಅಮ್ಮ ಹೋದಾಗ ಎಷ್ಟು ವಯಸ್ಸಾಗಿತ್ತೋ ಅಷ್ಟಾಯ್ತಪ್ಪ ನಂಗೆ,” ಎಂದಳು ಮಗಳು. “ಇನ್ನು ಮುಂದೆ ನಾನು ಅವಳಿಗಿಂತ ದೊಡ್ಡೋಳಾಗ್ತಾ ಹೋಗ್ತೀನಿ. ಅಷ್ಟರೊಳಗೆ ಒಂದ್ಸಲ ಮುಖಾಮುಖಿ ನೋಡ್ಬೇಕು. ನಿಜವಾದ ಮುಖದಷ್ಟು ದೊಡ್ಡದಾಗಿ. ನಾನು ಅವಳ ಥರ ಇದ್ದೀನಾ ಇಲ್ವಾ, ನಾನೇ ನೋಡ್ಬೇಕು. ಹಾಕಪ್ಪ.”

ಮೇಷ್ಟ್ರು ಫೋನಿನಲ್ಲಿದ್ದ ಆ ಪುಟ್ಟ ನಕಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡರು. ಪೆನ್‌ಡ್ರೈವ್ ಚುಚ್ಚಿದರು.

ಪರದೆಯಲ್ಲಿ ಎದ್ದದ್ದು ಮುಖವಲ್ಲ. ಎರಡು ಕಡೆ ಕಪ್ಪು ಪಟ್ಟಿ, ನಡುವೆ ಕಂದು, ಬೂದು, ಹಳದಿ ಚೌಕಗಳ ಕಲಸುಮೇಲೋಗರ. ಫೋನಿನ ಒಂದೊಂದು ಚುಕ್ಕಿಯೂ ಈ ಪರದೆಯ ಎಂಬತ್ತೊಂದು ಚುಕ್ಕಿಗಳ ಜಾಗದಲ್ಲಿ ಹರಡಿಕೊಂಡು ಕುಳಿತಿತ್ತು. ಮೇಷ್ಟ್ರ ಕಣ್ಣು ತಾನಾಗಿ ಲೆಕ್ಕ ಹಾಕಿತು. ಮುಖಕ್ಕೆ ಅಡ್ಡಲಾಗಿ ಇಪ್ಪತ್ತು ಚುಕ್ಕಿ. ಒಂದೊಂದು ಕಣ್ಣಿಗೆ ಮೂರು. ಬಾಯಿಗೆ ಏಳು. ಅವಳು ನಕ್ಕಾಗ ಆ ಏಳರಲ್ಲಿ ನಾಲ್ಕು ಬಿಳಿಯಾದವು. ಅಷ್ಟೇ ನಗು.

ಮಗಳು ಒಂದು ಹೆಜ್ಜೆ ಮುಂದೆ ಹೋದಳು. ಇನ್ನೊಂದು. “ಅಪ್ಪಾ, ಇದೇನು ಹೀಗೆ? ಸರಿ ಮಾಡು.”

“ಹಿಂದೆ ಬಾ ಪುಟ್ಟಿ. ಹಿಂದೆ ಬಂದು ನೋಡು.”

“ಹಿಂದೆ ಬಂದು ನೋಡೋಕೆ ಇಷ್ಟು ದೊಡ್ಡದು ಯಾಕಪ್ಪ ತರ್ತಿದ್ದೆ?” ಎಂದಳು. ಅವತ್ತು ಊಟ ಮಾಡಲಿಲ್ಲ.

ಮರುದಿನ ಮೇಷ್ಟ್ರ ಸಪ್ಪೆ ಮುಖ ನೋಡಿ ಮೊಬೈಲಮ್ಮ ವಿಷಯ ಕಕ್ಕಿಸಿದಳು. ಕೇಳಿ ಕೈ ತಟ್ಟಿದಳು. “ಯಾವ ಕಾಲದಲ್ಲಿದ್ದೀರಿ ಮೇಷ್ಟ್ರೇ? ಮಸುಕಾಗಿರೋದನ್ನ ಈಗ ಕಂಪ್ಯೂಟರೇ ತಿದ್ದುತ್ತೆ.”

“ತಿದ್ದೋದಲ್ಲಮ್ಮ ಅದು. ಇಲ್ಲದ ಚುಕ್ಕಿನ ಊಹೆ ಮಾಡಿ ತುಂಬೋದು.”

“ಊಹೆನೋ ಗೀಹೆನೋ, ಮುಖ ಕಾಣುತ್ತೋ ಇಲ್ವೋ? ಮಗು ಅಳ್ತಾ ಕೂತಿದ್ರೆ ನೀವು ಗಣಿತ ಹೇಳ್ಕೊಂಡು ಕೂರ್ತೀರಾ?”

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಕಂಪ್ಯೂಟರಿನಲ್ಲಿ ಮಸುಕು ಮುಖ ತಿದ್ದುವ ತಂತ್ರಾಂಶ ತೆರೆದಳು. ಅದು ಇದೇ ವ್ಯಕ್ತಿಯ ಬೇರೆ ಫೋಟೊ ಕೊಡಿ ಎಂದು ಕೇಳಿತು. ಇಲ್ಲ ಎಂದರು ಮೇಷ್ಟ್ರು. “ಅವರ ಹಾಗೇ ಇರೋರು ಯಾರಾದ್ರೂ? ಅಕ್ಕ, ತಂಗಿ?” ಎಂದಳು ಮೊಬೈಲಮ್ಮ. ಮೇಷ್ಟ್ರು ತಮ್ಮ ಫೋನಿನಿಂದ ಮಗಳ ನಾಲ್ಕು ಫೋಟೊ ಕಳಿಸಿದರು, ಅದರಲ್ಲೊಂದು ಅವಳಿಗೆ ಗೊತ್ತಾಗದ ಹಾಗೆ ಮಾತಿನ ನಡುವೆ ತೆಗೆದದ್ದು. ಎಲ್ಲರೂ ಪಡಿಯಚ್ಚು ಅನ್ನುತ್ತಾರಲ್ಲ, ದಾರಿ ತೋರಿಸಲು ಒಂದು ದೀಪ ಹಿಡಿದ ಹಾಗೆ, ಅಷ್ಟೇ ಎಂದುಕೊಂಡರು. ತಂತ್ರಾಂಶ ನಾಲ್ಕಾರು ಮುಖ ಊಹಿಸಿಕೊಟ್ಟಿತು, ಮೊಬೈಲಮ್ಮ ಎಲ್ಲಕ್ಕಿಂತ ಸ್ಪಷ್ಟವಾದದ್ದನ್ನು ಆರಿಸಿಕೊಟ್ಟಳು.

ಸಂಜೆ ಮನೆಯಲ್ಲಿ ಹಾಕಿದಾಗ ಕಿಟಕಿಯ ಸರಳು, ಬಟ್ಟೆಯ ನೂಲು, ಮಗುವಿನ ಉಗುರು ಎಲ್ಲವೂ ಕೆತ್ತಿದಂತೆ ಕಂಡವು. ‘ಇಲ್ಲಿ ನೋಡೇ’ ಎಂಬ ದನಿಗೆ ಅವಳು ತಿರುಗಿದಳು. ರೆಪ್ಪೆಯ ಒಂದೊಂದು ಕೂದಲೂ ಎಣಿಸುವಂತಿತ್ತು.

ಮಗಳು ಪರದೆಯ ಮುಂದೆ ನಿಂತು ತನ್ನ ಗಲ್ಲ ಮುಟ್ಟಿಕೊಂಡಳು. “ಅಪ್ಪಾ, ನನ್ನ ಗಲ್ಲ! ನೋಡು, ನನ್ನದೇ ಹುಬ್ಬು!” ಆಗ ಪರದೆಯ ಹೆಂಗಸು ನಕ್ಕಳು. ಮುಂದಿನ ಹಲ್ಲಿನ ಮೂಲೆ ಮುರಿದಿತ್ತು.

“ಅಪ್ಪಾ... ಅಮ್ಮಂಗೂ ಹಲ್ಲು ಮುರಿದಿತ್ತಾ?”

ಪರದೆಯಲ್ಲಿದ್ದದ್ದು ಹೆಂಡತಿಯಲ್ಲ, ಹೆಂಡತಿಯ ಸೀರೆಯುಟ್ಟ ಮಗಳು. ಮೇಷ್ಟ್ರು ಅದನ್ನು ಹೇಳಬೇಕಿತ್ತು. ಆದರೆ ಮಗಳು ಹದಿನೆಂಟು ವರ್ಷದಲ್ಲಿ ಮೊದಲ ಬಾರಿ ತುಟಿ ಮುಚ್ಚದೆ ನಗುತ್ತಿದ್ದಳು.

“ಹೂಂ,” ಎಂದರು.

ಆ ಒಂದು ಹೂಂ ಮನೆಯಲ್ಲಿ ಬಾಡಿಗೆ ಕೊಡದ ನೆಂಟನ ಹಾಗೆ ನೆಲೆಯೂರಿತು. ಮಗಳು ಆ ನಗುವನ್ನು ನಿಲ್ಲಿಸಿ ಚಿತ್ರ ತೆಗೆದು ಪರದೆಗೆ ಇಟ್ಟುಕೊಂಡಳು. ಟಿವಿ ಹಾಕಿದಾಗಲೆಲ್ಲ ಅವಳೇ. ಮೇಷ್ಟ್ರು ಬೆಳಿಗ್ಗೆ ಬೂಟು ಹಾಕಿಕೊಳ್ಳುವಾಗ ಅವಳು, ಸಂಜೆ ಬಂದು ಬೀಗದ ಕೈ ಮೊಳೆಗೆ ತಗುಲಿಸುವಾಗ ಅವಳು. ಮೊದಮೊದಲು ತಲೆ ತಗ್ಗಿಸಿ ಓಡಾಡುತ್ತಿದ್ದರು. ನಲವತ್ತು ದಿನವಾಗುವಷ್ಟರಲ್ಲಿ ತಲೆ ತಗ್ಗಿಸುವುದು ಮರೆತುಹೋಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಮಗಳು ತಟ್ಟೆ ತೊಳೆಯುತ್ತ ಹೇಳಿದಳು: “ಹಲ್ಲಿನ ಡಾಕ್ಟರ ಹತ್ರ ಇವತ್ತು ಬರಲ್ಲ ಅಂತ ಹೇಳಿಬಿಟ್ಟೆ ಅಪ್ಪಾ. ಎಷ್ಟು ವರ್ಷದಿಂದ ಕ್ಯಾಪ್ ಹಾಕಿಸ್ಕೊಳ್ಳೋಣ ಅಂತಿದ್ದೆ. ಈಗ ಬೇಡ. ಅಮ್ಮಂದೂ ಹೀಗೇ ಇತ್ತಲ್ಲ. ಅವಳ ಹಾಗೆ ಆಗಿರೋದು ಇದೊಂದು ಇರಲಿ.”

ಮೇಷ್ಟ್ರು ಒರೆಸುವ ಬಟ್ಟೆಯನ್ನು ಕೆಳಗಿಟ್ಟರು.

“ಆ ಹಲ್ಲು ನಿಂದು ಪುಟ್ಟಿ. ಅಮ್ಮಂದಲ್ಲ.”

ನಲ್ಲಿ ಸುರಿಯುತ್ತಲೇ ಇತ್ತು. ಅವರು ಒಂದನ್ನೂ ಬಚ್ಚಿಡದೆ ಹೇಳಿದರು. ಕಳಿಸಿದ ನಾಲ್ಕು ಫೋಟೊ, ಮೊಬೈಲಮ್ಮನ ಕಂಪ್ಯೂಟರು. ಆಮೇಲೆ, ಅದಕ್ಕೂ ಹಿಂದಿನದು: ಮುರಿಯದ ಚಕ್ಕೆ, ಮೋಡ ತೋರಿಸುತ್ತಿದ್ದ ಮನುಷ್ಯ. ಬೂಷ್ಟು ಹಿಡಿದದ್ದು ಸುಳ್ಳು ಎಂಬಲ್ಲಿಗೆ ಬಂದಾಗ ಮಗಳು ನಲ್ಲಿ ನಿಲ್ಲಿಸಿದಳು.

ಅವಳು ಕೂಗಾಡಲಿಲ್ಲ. ಅಪ್ಪ ಕೂಗಾಟವನ್ನೇ ಬಯಸಿದ್ದರು. ಸೆರಗಿಗೆ ಕೈ ಒರೆಸಿಕೊಂಡು ನಡುಮನೆಗೆ ಬಂದು ಕುಳಿತಳು. ಹಿಂದೆಯೇ ಬಂದ ಅಪ್ಪನನ್ನು ಕೇಳಿದಳು:

“ಸರಿ. ಕ್ಯಾಸೆಟ್ ಹೋಯ್ತು. ನೀನಿದ್ದೀಯಲ್ಲ. ನೀನು ನೋಡಿದ್ದೀಯಲ್ಲ. ಅಮ್ಮನ ಹಲ್ಲು ಹೇಗಿತ್ತು?”

ಮೇಷ್ಟ್ರು ಹೆಂಡತಿ ನಗುವುದನ್ನು ನೆನೆದುಕೊಂಡರು. ಮೂಲೆ ಮುರಿದ ಹಲ್ಲು ಬಂತು. ಅದನ್ನು ತಳ್ಳಿ ಮತ್ತೆ ನೆನೆದುಕೊಂಡರು. ಅದೇ ಬಂತು. ಜ್ವರದ ಮಂಚ ನೆನೆದರು, ಮೊದಲು ಕಂಡ ದಿನ ನೆನೆದರು. ಎಲ್ಲೆಲ್ಲೂ ರೆಪ್ಪೆ ಎಣಿಸುವಷ್ಟು ಸ್ಪಷ್ಟವಾಗಿ ಮಗಳ ಮುಖವೇ ಎದ್ದು ನಿಂತಿತು.

“ತಾಳು,” ಎಂದರು. “ತಾಳು ಪುಟ್ಟಿ. ಬರುತ್ತೆ.”

ಮಗಳು ಎದ್ದು ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದಳು. ಮೊಬೈಲಮ್ಮನಿಗೆ ಫೋನು ಮಾಡಿ ತಂತ್ರಾಂಶ ಊಹಿಸಿದ್ದ ಬೇರೆ ಮುಖಗಳನ್ನೆಲ್ಲ ತರಿಸಿಕೊಂಡಳು. ಒಂದರಲ್ಲಿ ಗಲ್ಲ ಅಗಲ, ಒಂದರಲ್ಲಿ ಹಲ್ಲು ನೆಟ್ಟಗೆ, ಒಂದರಲ್ಲಿ ಹುಬ್ಬು ತೆಳು. ಒಂದೊಂದನ್ನೇ ಪರದೆಗೆ ಹಾಕುತ್ತ, ಅಂಗಡಿಯಲ್ಲಿ ಅಪರಿಚಿತರನ್ನು ಕೇಳುವ ಅದೇ ಸಮಾಧಾನದ ದನಿಯಲ್ಲಿ ಕೇಳಿದಳು.

“ಇದು ಸರಿಯಾ, ಅದು ಸರಿಯಾ?”

“ಇದು... ಅಲ್ಲ, ಅದು.”

“ಈಗ? ಇದಾ, ಅದಾ?”

“ಮೊದಲಿನದು ಇನ್ನೊಮ್ಮೆ ಹಾಕು.”

“ಇದಾ?”

“ಎರಡೂ ಒಂದೇ ಥರ ಕಾಣ್ತಿದೆ ಪುಟ್ಟಿ.”

ಕಣ್ಣಿನ ಪರೀಕ್ಷೆಯಲ್ಲಿ ಆ ಮಾತು ಬಂದರೆ ಪರೀಕ್ಷೆ ಮುಗಿಯಿತೆಂದು ಅರ್ಥ. ಅವಳು ರಿಮೋಟ್ ಕೆಳಗಿಟ್ಟಳು. ಅಪ್ಪನ ಕಣ್ಣಿಂದ ನೀರು ಇಳಿಯುತ್ತಿತ್ತು. ಅದನ್ನು ಒರೆಸಲೋ ಬಿಡಲೋ ಎಂದು ತಿಳಿಯದೆ ಅವಳು ಅವರ ಮೊಣಕಾಲಿನ ಮೇಲೆ ಕೈಯಿಟ್ಟು ನೆಲದಲ್ಲಿ ಕುಳಿತಳು.

“ಎರಡು ಸಲ ಅಳಿಸಿಬಿಟ್ಟೆ ಕಣಮ್ಮ,” ಎಂದರು ಮೇಷ್ಟ್ರು. “ನಿನ್ನ ಕ್ಯಾಸೆಟ್ಟಿನ ಚಕ್ಕೆನೂ ಮುರೀಲಿಲ್ಲ, ನನ್ನ ತಲೆಯೊಳಗಿನ ಚಕ್ಕೆನೂ ಮುರೀಲಿಲ್ಲ.” ಕಣಮ್ಮ ಎಂದದ್ದು ಮಗಳಿಗೋ ಇಲ್ಲದವಳಿಗೋ ಅವರಿಗೇ ಗೊತ್ತಿರಲಿಲ್ಲ.

ಸಂಜೆಗೆ ಮೊದಲು ಮಗಳೇ ಎದ್ದು ದೊಡ್ಡ ಟಿವಿಯ ಪ್ಲಗ್ ಕಿತ್ತಳು. “ಅಟ್ಟದ ಮೇಲೆ ನಿನ್ನ ಅಂಗಡಿಯ ಹಳೇ ಟಿವಿ ಇದೆಯಲ್ಲ, ಅದು ಓಡುತ್ತಾ?”

ಓಡುತ್ತಿತ್ತು. ಹದಿನಾಲ್ಕು ಇಂಚಿನ ಡಬ್ಬ, ಬೆನ್ನು ಗೂನು. ಧೂಳು ಒರೆಸಿ, ಹಳೆಯ ಡಿವಿಡಿ ಪ್ಲೇಯರಿಗೆ ತಿದ್ದದ ನಕಲಿನ ಪೆನ್‌ಡ್ರೈವ್ ಚುಚ್ಚಿ, ನಡುಮನೆಯ ಆ ತುದಿಯ ಸ್ಟೂಲಿನ ಮೇಲೆ ಇಟ್ಟರು. ಪರದೆ ಬಿಸಿಯಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಿಟಕಿ ಮೂಡಿತು, ಬಟ್ಟೆಯ ರಾಶಿ ಮೂಡಿತು, ಮಸುಕಾದ ಒಬ್ಬ ಹೆಂಗಸು ಮೂಡಿದಳು. ‘ಇಲ್ಲಿ ನೋಡು. ಇಲ್ಲಿ ನೋಡೇ.’

ಇಬ್ಬರೂ ಕುರ್ಚಿ ಹಿಂದಕ್ಕೆ ಎಳೆದರು. ಚೌಕಗಳು ಒಂದರೊಳಗೊಂದು ಕರಗಿದವು. ಇನ್ನೂ ಎಳೆದರು. ಹೆಂಗಸು ಕತ್ತು ತಿರುಗಿಸುವ ರೀತಿ, ಕೈಯೆತ್ತುವ ಮೊದಲು ಭುಜ ಏರುವ ರೀತಿ, ಅದಷ್ಟು ತಿಳಿಯಿತು. ಏಳರಲ್ಲಿ ನಾಲ್ಕು ಚುಕ್ಕಿ ಬಿಳಿಯಾದವು.

‘ರೀ, ಸಾಕು. ಸುಮ್ನೆ ಕ್ಯಾಸೆಟ್ ಹಾಳು ಮಾಡ್ಬೇಡಿ.’

ದಿನಕ್ಕೆ ನೂರು ಸಲ ‘ಸ್ಪಷ್ಟವಾ’ ಎಂದು ಕೇಳುವವಳು ಅಪ್ಪನನ್ನು ಏನೂ ಕೇಳಲಿಲ್ಲ. “ಇನ್ನೊಂದ್ಸಲ ಹಾಕಪ್ಪ,” ಎಂದಳು.

ಹಾಕಿದರು. ಕುರ್ಚಿಯನ್ನು ಮತ್ತೆ ಹಿಂದಕ್ಕೆ ಎಳೆಯಲು ಹೋದರು. ಅದರ ಬೆನ್ನು ಗೋಡೆಗೆ ತಾಗಿತು. ಇನ್ನು ಹಿಂದೆ ಹೋಗಲು ಆ ಮನೆಯಲ್ಲಿ ಜಾಗವಿರಲಿಲ್ಲ.